ಬಿ.ವಿ.ಎ. ಎರಡನೇ ವರ್ಷಕ್ಕೆ ಪೇಂಟಿಂಗ್ ತಗೊಳ್ಳೋದಾ, ಗ್ರಾಫಿಕ್ಸಾ?

ಮಸಿಗೈ:
ನಾಲ್ಕು ವರ್ಷದ ಬಿ.ವಿ.ಎ.ಯಲ್ಲಿ (ದೃಶ್ಯಕಲೆಯ ಪದವಿ) ಫೌಂಡೇಶನ್ ವರ್ಷ ಮುಗಿದ ಮೇಲೆ ವಿಭಾಗ ಆರಿಸಬೇಕಲ್ಲ, ಅಲ್ಲೇ ಗೊಂದಲ. ಪೇಂಟಿಂಗಿಗೆ ಎಲ್ಲರೂ ಮುಗಿಬೀಳ್ತಾರೆ, ಗ್ರಾಫಿಕ್ಸಿಗೆ ಬೆರಳೆಣಿಕೆ ಜನ. ಮೂರು ಪ್ರಶ್ನೆ ಇವೆ. ಗ್ರಾಫಿಕ್ಸ್ ವಿಭಾಗ ಚೆನ್ನಾಗಿದೆಯಾ ಅಂತ ಸೇರುವ ಮೊದಲೇ ತಿಳಿಯೋದು ಹೇಗೆ? ಡ್ರಾಯಿಂಗ್ ಎಷ್ಟು ಗಟ್ಟಿ ಇರಬೇಕು? ಕಾಲೇಜು ಬಿಟ್ಟ ಮೇಲೆ ಅಚ್ಚು ಒತ್ತೋ ಪ್ರೆಸ್ ಇಲ್ಲದೆ ಕೆಲಸ ಮುಂದುವರಿಸೋಕೆ ಆಗುತ್ತಾ?

ಗೀರುಗೆರೆ:
ಮೊದಲು ಒಂದು ಮಾತು, ಮನೆಯವರಿಗೂ ಹೇಳಿಬಿಡಿ. ಇಲ್ಲಿ ಗ್ರಾಫಿಕ್ಸ್ ಅಂದರೆ ಮುದ್ರಣಕಲೆ. ಎಚಿಂಗ್ (ಲೋಹದ ಪ್ಲೇಟನ್ನು ಆಸಿಡ್ಡಿನಲ್ಲಿ ಕೊರೆಯೋದು), ವುಡ್‌ಕಟ್ (ಮರದ ಹಲಗೆ ಕೆತ್ತೋದು), ಲಿಥೋ (ಕಲ್ಲಿನ ಮೇಲೆ ಜಿಡ್ಡಿನ ಕ್ರೆಯಾನಿನಲ್ಲಿ ಬರೆದು ಅಚ್ಚು ಹಾಕೋದು), ಸ್ಕ್ರೀನ್ (ಜಾಲರಿ ಬಟ್ಟೆಯ ಮೂಲಕ ಇಂಕ್ ಇಳಿಸೋದು) ಇವು. ಕಂಪ್ಯೂಟರಿನ ಗ್ರಾಫಿಕ್ ಡಿಸೈನ್ ಅಪ್ಲೈಡ್ ಆರ್ಟ್ ಕಡೆ ಬರುತ್ತೆ. ಹೆಸರು ನೋಡಿ ಸೇರಿ, ಮೊದಲ ವಾರ ಜಿಂಕ್ ಪ್ಲೇಟಿಗೆ ಅರ ಹಾಕೋಕೆ ಕೂತಾಗ ಕಕ್ಕಾಬಿಕ್ಕಿಯಾಗೋರು ಪ್ರತಿವರ್ಷ ಸಿಗ್ತಾರೆ.

ಚಿತ್ರಕಲಾ ಪರಿಷತ್ತೋ, ಮೈಸೂರಿನ ಕಾವಾನೋ, ದಾವಣಗೆರೆಯೋ, ಹೊರಗೆ ಬರೋಡವೋ ಶಾಂತಿನಿಕೇತನವೋ, ಹೆಸರಿನ ಮೇಲೆ ತೀರ್ಮಾನ ಮಾಡಬೇಡಿ. ಸ್ಟುಡಿಯೋಗೆ ಹೋಗಿ ನಿಂತು ನೋಡಿ. ಪ್ರೆಸ್ಸಿನ ಬೆಡ್ ಎಷ್ಟು ಅಗಲ? ಫೆಲ್ಟ್ (ಪ್ರೆಸ್ಸಿನಲ್ಲಿ ಕಾಗದದ ಮೇಲೆ ಹಾಸೋ ಉಣ್ಣೆ ಕಂಬಳಿ) ಮೃದುವಾಗಿದೆಯಾ, ಹಪ್ಪಳದ ಹಾಗೆ ಸೆಟೆದುಕೊಂಡಿದೆಯಾ? ಆಸಿಡ್ ರೂಮಿನ ಎಕ್ಸಾಸ್ಟ್ ತಿರುಗುತ್ತಾ, ನೀರಿನ ನಲ್ಲಿ ಕೈಗೆ ಸಿಗುವಷ್ಟು ಹತ್ತಿರ ಇದೆಯಾ? ಸಂಜೆ ಎಷ್ಟು ಹೊತ್ತಿನವರೆಗೆ ತೆಗೆದಿರುತ್ತೆ? ಹದಿನೈದು ವಿದ್ಯಾರ್ಥಿಗಳಿಗೆ ಒಂದೇ ಪ್ರೆಸ್ ಇದ್ದರೆ ಲೆಕ್ಕ ಹಾಕಿ. ಒಂದು ಪ್ರಿಂಟಿಗೆ 25 ನಿಮಿಷ, ಹತ್ತು ಪ್ರತಿಯ ಎಡಿಷನ್‌ಗೆ ನಾಲ್ಕು ಗಂಟೆಯ ಮೇಲೆ, ಇಡೀ ಕ್ಲಾಸಿಗೆ ಅರವತ್ತು ಗಂಟೆ.

ಫೆಲ್ಟ್‌ಕಂಬಳಿ:
ಲೆಕ್ಕ ತಪ್ಪಿದೆ. ಆ 25 ನಿಮಿಷದಲ್ಲಿ ಪ್ರೆಸ್ ಹಿಡಿಯೋದು ಮೂರೋ ನಾಲ್ಕೋ ನಿಮಿಷ. ಉಳಿದದ್ದೆಲ್ಲ ಇಂಕ್ ತುಂಬಿ ಒರೆಸೋದರಲ್ಲೇ ಹೋಗುತ್ತೆ. ಸಾಲು ನಿಲ್ಲೋದು ಇಂಕಿಂಗ್ ಟೇಬಲ್ ಮತ್ತು ಹಾಟ್‌ಪ್ಲೇಟ್ ಹತ್ತಿರ. ಎರಡು ಪ್ರೆಸ್ಸೂ ಒಂದೇ ಟೇಬಲ್ಲೂ ಇರೋ ಜಾಗಕ್ಕಿಂತ, ಒಂದು ಪ್ರೆಸ್ಸೂ ಆರು ಜನ ನಿಲ್ಲೋ ಟೇಬಲ್ಲೂ ಇರೋ ಜಾಗವೇ ವಾಸಿ. ಇನ್ನೊಂದು, ಗೋಡೆಯ ಮೇಲಿನ ಪ್ರಿಂಟ್ ನೋಡಬೇಡಿ, ಒಣಗಲು ಹಾಕಿರೋ ರ‍್ಯಾಕ್ ನೋಡಿ. ಈ ವಾರದ ಪ್ರಿಂಟ್ ಅಲ್ಲಿ ಇಲ್ಲ ಅಂದರೆ ವಿಭಾಗ ನಿದ್ದೆಯಲ್ಲಿದೆ ಅಂತಲೇ.

ಇದ್ದಿಲು:
ಡ್ರಾಯಿಂಗ್ ಬಗ್ಗೆ ನಾ ಹೇಳ್ತೀನ್ರಿ. ನಮ್ಮ ಕಡೆ ಲೋಯರ್, ಹೈಯರ್ ಗ್ರೇಡ್ ಪರೀಕ್ಷೆ ಮಾಡಿ ಬಂದವರಿಗೆ ಒಂದು ಚಟ ಇರ್ತದ. ಬೆರಳಿಲೆ ತಿಕ್ಕಿ ತಿಕ್ಕಿ ನುಣ್ಣಗ ಶೇಡ್ ಮಾಡೂದು. ಪೇಪರ್ ಮ್ಯಾಲೆ ಚಂದ ಕಾಣ್ತದ, ಆದ್ರ ಜಿಂಕ್ ಮ್ಯಾಲೆ ತಿಕ್ಕಾಕ ಏನೂ ಇರಂಗಿಲ್ಲ. ಅಲ್ಲಿ ಬರೇ ಗೆರಿ. ನೆರಳು ಬೇಕಂದ್ರ ಗೆರಿ ಮ್ಯಾಲೆ ಗೆರಿ ಹಾಯಿಸಿ ಕಟ್ಟಬೇಕು. ಅದಕ್ಕ ಫೌಂಡೇಶನ್ ವರ್ಷದಾಗ ಒಂದು ತಿಂಗಳು ರಬ್ಬರೂ ಬ್ಯಾಡ, ಶೇಡ್ ತಿಕ್ಕೂ ಸ್ಟಂಪೂ ಬ್ಯಾಡ. ಡಿಪ್ ಪೆನ್ನು, ಕಪ್ಪು ಮಸಿ, 130 ಜಿಎಸ್‌ಎಂ ಕಾರ್ಟ್ರಿಜ್ ಹಾಳಿ, ಇಷ್ಟ ಸಾಕು.

ಲೈಫ್ ಸ್ಟಡಿಯೊಳಗ (ಎದುರು ಮಾಡೆಲ್ ನೋಡಿ ಬರಿಯೂದು) ಮೊದಲ 20 ನಿಮಿಷ ಒಂದೊಂದು, ಎರಡೆರಡು ನಿಮಿಷದ ಪೋಸ್. ಇಲ್ಲಿ ಮೂಗು ಬಾಯಿ ಹುಡುಕಬ್ಯಾಡ್ರಿ. ಭಾರ ಯಾವ ಕಾಲಿನ ಮ್ಯಾಲೆ ಬಿದ್ದದ, ಭುಜ ಯಾಕಡೆ ವಾಲ್ಯದ, ಸೊಂಟ ಅದಕ್ಕ ಎದುರು ಯಾಕಡೆ ವಾಲ್ಯದ, ಈ ಮೂರು ಗೆರಿ ಬಂದ್ರ ಮುಗೀತು. ಆಮ್ಯಾಲೆ 20 ನಿಮಿಷದ್ದು, ಕಡೀಕ ಎರಡು ಮೂರು ತಾಸಿನದು. ಪೆನ್ಸಿಲ್ ಹಿಡಿದು ಅಳತಿ ತಗೊಳ್ಳುವಾಗ ಮೊಳಕೈ ನೆಟ್ಟಗ, ಒಂದು ಕಣ್ಣು ಮುಚ್ಚಿ. ಮೊಳಕೈ ಸ್ವಲ್ಪ ಮಡಿಚಿದ್ರ ಪ್ರತಿ ಸಲ ಅಳತಿ ಬ್ಯಾರೇನ ಬರ್ತದ. ತಲಿಯಿಂದ ಶುರು ಮಾಡಿದವ್ರಿಗೆ ಪಾದ ಹಾಳಿ ಹೊರಗ ಹೋಗ್ತಾವ. ಮೊದಲ ಮ್ಯಾಲೊಂದು ಕೆಳಗೊಂದು ಗುರುತು ಹಾಕ್ರಿ, ನಡುವಿನ ಅರ್ಧ ಎಲ್ಲಿ ಬರ್ತದ ನೋಡ್ರಿ. ನಿಂತ ಮನಷ್ಯಾನ ಅರ್ಧ ಸೊಂಟದ ಪಟ್ಟಿ ಹತ್ರ ಬರಂಗಿಲ್ಲ, ಇನ್ನೂ ಕೆಳಗ ತೊಡಿ ಸಂದಿ ಹತ್ರ ಬರ್ತದ. ಎಲ್ಲಾರೂ ಮಾಡೂ ತಪ್ಪದು.

ಮಸಿಗೈ:
ಇದ್ದಿಲು ಅವರೇ, ಪೆನ್ನಿನ ಮಾತು ತಟ್ಟಿತು. ಈಗ ಅಕ್ವಾಟಿಂಟ್, ಅಂದರೆ ರಾಳದ ಪುಡಿ ಹಾಕಿ ಆಸಿಡ್ಡಿನಲ್ಲಿ ಕೊರೆದು ಟೋನ್ ತರೋದರ ಬಗ್ಗೆ. ವರ್ಕ್‌ಶಾಪಿನ ಪ್ಲೇಟಿನಲ್ಲಿ ಕಪ್ಪು ಬರಬೇಕಾದ ಕಡೆ ಮಾಸಿದ ಬೂದು, ಅಲ್ಲಲ್ಲಿ ಬಿಳಿ ಮಚ್ಚೆ. ನೈಟ್ರಿಕ್‌ನಲ್ಲಿ ಹೊತ್ತು ಹೆಚ್ಚಿಸಿದರೂ ಕಪ್ಪಾಗಲಿಲ್ಲ. ಯಾಕೆ?

ಗೀರುಗೆರೆ:
ಎರಡು ರೋಗ ಒಟ್ಟಿಗೆ ಇವೆ. ಬಿಳಿ ಮಚ್ಚೆಗೆ ಜಿಡ್ಡು ಕಾರಣ, ಬೂದು ಬಣ್ಣಕ್ಕೆ ರಾಳ ಕಾರಣ. ಮೊದಲಿಂದ ಹೇಳ್ತೀನಿ.

ಪ್ಲೇಟು ಒಂದರಿಂದ ಒಂದೂವರೆ ಮಿ.ಮೀ. ದಪ್ಪ ಇದ್ದರೆ ಸಾಕು. ನಾಲ್ಕೂ ಅಂಚನ್ನು ಅರದಿಂದ 45 ಡಿಗ್ರಿಗೆ ಇಳಿಜಾರು ಮಾಡಿ, ಮೂಲೆ ಸ್ವಲ್ಪ ಗುಂಡಗೆ. ಇದನ್ನು ‘ಕೊನೇಲಿ ಮಾಡಿದರಾಯ್ತು’ ಅಂತ ಬಿಟ್ಟವರು ಪೇಪರನ್ನೂ ಫೆಲ್ಟನ್ನೂ ಒಟ್ಟಿಗೆ ಕತ್ತರಿಸ್ತಾರೆ. ಆಮೇಲೆ ಜಿಡ್ಡು ತೆಗೆಯೋದು. ಚಾಕ್ ಪುಡಿಗೆ ನಾಲ್ಕು ಹನಿ ಅಮೋನಿಯ ಬೆರೆಸಿ ಹತ್ತಿಯಲ್ಲಿ ಉಜ್ಜಿ, ನಲ್ಲಿ ಕೆಳಗೆ ಓರೆಯಾಗಿ ಹಿಡಿಯಿರಿ. ನೀರು ಒಂದೇ ಹಾಳೆಯ ಹಾಗೆ ಹರಿದರೆ ಶುದ್ಧ, ಹನಿಹನಿಯಾಗಿ ಒಡೆದರೆ ಇನ್ನೂ ಜಿಡ್ಡಿದೆ. ಅಲ್ಲಿಂದ ಮುಂದೆ ಅಂಚು ಮಾತ್ರ ಹಿಡೀಬೇಕು. ನಿಮ್ಮ ಬಿಳಿ ಮಚ್ಚೆಗಳನ್ನು ಭೂತಗನ್ನಡಿಯಲ್ಲಿ ನೋಡಿ, ಬೆರಳಿನ ಗುರುತು ಕಾಣಬಹುದು.

ರಾಳದ ಪುಡಿ ಪ್ಲೇಟಿನ ಅರ್ಧದಷ್ಟನ್ನು ಮುಚ್ಚಬೇಕು, ತೆಳ್ಳಗೆ ಮಂಜು ಬಿದ್ದ ಹಾಗೆ. ಕಡಿಮೆ ಬಿದ್ದರೆ ಬಿಂದುಗಳ ನಡುವೆ ಬಯಲು ದೊಡ್ಡದಾಗಿ ಅಷ್ಟೂ ಲೋಹ ಒಟ್ಟಿಗೆ ಕೆಳಗಿಳಿಯುತ್ತೆ, ಇಂಕ್ ನಿಲ್ಲೋಕೆ ಗೋಡೆ ಇರಲ್ಲ, ಒರೆಸಿದರೆ ಬೂದು. ನಿಮಗೆ ಆಗಿರೋದು ಬಹುಶಃ ಇದೇ. ಈ ಸ್ಥಿತಿಯಲ್ಲಿ ಹೊತ್ತು ಹೆಚ್ಚಿಸಿದಷ್ಟೂ ಇನ್ನೂ ಕೆಡುತ್ತೆ, ಯಾಕಂದರೆ ಆಸಿಡ್ ಪಕ್ಕದಿಂದಲೂ ಕೊರೆದು ಉಳಿದ ಚುಕ್ಕಿಗಳನ್ನೂ ಉದುರಿಸುತ್ತೆ. ರಾಳ ಜಾಸ್ತಿಯಾದರೆ ಅಥವಾ ಹೆಚ್ಚು ಕಾಯಿಸಿದರೆ ಚುಕ್ಕಿಗಳು ಕೂಡಿಕೊಂಡು ಪೊರೆಯಾಗಿ ಆಸಿಡ್ಡೇ ಒಳಗೆ ಹೋಗಲ್ಲ. ಕೆಳಗಿನಿಂದ ಬೆಂಕಿ ಆಡಿಸ್ತಾ, ಬಿಳಿ ಪುಡಿ ಪಾರದರ್ಶಕವಾಗಿ ಮಿನುಗಿದ ಕ್ಷಣಕ್ಕೆ ತೆಗೀಬೇಕು. ಆ ಕ್ಷಣ ಎರಡು ಸೆಕೆಂಡಿನದು.

ಆಸಿಡ್: ಟೋನಿಗೆ ಒಂದು ಪಾಲು ನೈಟ್ರಿಕ್‌ಗೆ 15 ಪಾಲು ನೀರು, ಗೆರೆಗೆ 1:10. ಯಾವತ್ತೂ ನೀರಿಗೆ ಆಸಿಡ್ ಸುರಿಯೋದು, ಆಸಿಡ್ಡಿಗೆ ನೀರಲ್ಲ. ನಿಜವಾದ ಪ್ಲೇಟಿಗೆ ಮೊದಲು ಒಂದು ತುಂಡಿನಲ್ಲಿ ಪಟ್ಟಿ ಪರೀಕ್ಷೆ ಮಾಡಿ. 5 ಸೆಕೆಂಡು ಇಟ್ಟು ತೆಗೆದು ಒಂದು ಪಟ್ಟಿಗೆ ಸ್ಟಾಪ್-ಔಟ್ (ಆಸಿಡ್ ತಡೆಯೋ ವಾರ್ನಿಷ್) ಬಳಿಯಿರಿ. ಮತ್ತೆ 5, ಆಮೇಲೆ 10, 20, 40, 80. ಒಟ್ಟು ಲೆಕ್ಕದಲ್ಲಿ 5, 10, 20, 40, 80, 160 ಸೆಕೆಂಡಿನ ಆರು ಟೋನ್ ಸಿಗುತ್ತೆ. ಅದನ್ನು ಪ್ರಿಂಟ್ ಮಾಡಿ ಆಸಿಡ್ ರೂಮಿನ ಗೋಡೆಗೆ ಅಂಟಿಸಿ, ದಿನಾಂಕದ ಜೊತೆ. ಕಲಬುರಗಿಯ ಏಪ್ರಿಲ್‌ನಲ್ಲಿ ಕೊರೆದಷ್ಟು ವೇಗವಾಗಿ ಬೆಂಗಳೂರಿನ ಡಿಸೆಂಬರ್‌ನಲ್ಲಿ ಕೊರೆಯಲ್ಲ. ಹಾಗಾಗಿ ಪಕ್ಕದವರ ಟೈಮಿಂಗ್ ಕಾಪಿ ಮಾಡಿ ಉಪಯೋಗವಿಲ್ಲ.

ಗೆರೆ ಕೊರೆಯುವಾಗ ಏಳುವ ಗುಳ್ಳೆಗಳನ್ನು ಹಕ್ಕಿ ಗರಿಯಿಂದ ಸವರಿ ತೆಗೀತಾ ಇರಿ. ಗುಳ್ಳೆ ಕೂತ ಕಡೆ ಆಸಿಡ್ ತಾಗದೆ ಗೆರೆಯ ಅಂಚು ಗರಗಸದ ಹಲ್ಲಾಗುತ್ತೆ. ಕಂದು ಹೊಗೆ ಎದ್ದರೆ ದ್ರಾವಣ ಗಟ್ಟಿಯಾಯ್ತು ಅಥವಾ ಬಿಸಿಯಾಯ್ತು ಅಂತ ಅರ್ಥ. ಪ್ಲೇಟ್ ತೆಗೆದು ನೀರಿಗೆ ಹಾಕಿ ಆಚೆ ಬನ್ನಿ. ರಾಳದ ಧೂಳಿಗೆ ಮಾಸ್ಕ್ ಕಡ್ಡಾಯ. ಅದು ಆಸ್ತಮಾ ತರುತ್ತೆ, ಮುಚ್ಚಿದ ಪೆಟ್ಟಿಗೆಯಲ್ಲಿ ಕಿಡಿ ಬಿದ್ದರೆ ಸಿಡಿಯುತ್ತೆ ಕೂಡ. ಟರ್ಪೆಂಟೈನ್ ಬಟ್ಟೆ, ಸ್ಪಿರಿಟ್ ಬಾಟಲಿ ನೈಟ್ರಿಕ್ ಇರೋ ಕಪಾಟಿನ ಹತ್ತಿರವೂ ಸುಳಿಯಬಾರದು.

ಅಡಕೆಸಿಪ್ಪೆ:
ಇಷ್ಟೆಲ್ಲ ಎಚ್ಚರಿಕೆ ಹೇಳಿಯೂ ನೈಟ್ರಿಕ್ ಯಾಕೆ? ಜಿಂಕ್‌ಗೆ ಮೈಲುತುತ್ತ ಸಾಕು. ಒಂದು ಲೀಟರ್ ನೀರಿಗೆ 75 ಗ್ರಾಂ ಮೈಲುತುತ್ತ, 75 ಗ್ರಾಂ ಅಡುಗೆ ಉಪ್ಪು. ಮಲೆನಾಡಿನವರಿಗೆ ಹೊಸದಲ್ಲ, ಅಡಕೆಯ ಕೊಳೆರೋಗಕ್ಕೆ ಹೊಡೆಯೋ ಬೋರ್ಡೋ ದ್ರಾವಣದ ನೆಂಟ. ತೋಟಕ್ಕೆ 100 ಲೀಟರಿಗೆ ಒಂದು ಕಿಲೋ ತುತ್ತ, ಜೊತೆಗೆ ಸುಣ್ಣ. ಇಲ್ಲಿ ಸುಣ್ಣದ ಬದಲು ಉಪ್ಪು, ತುತ್ತದ ಖಾರ ಏಳೂವರೆ ಪಟ್ಟು.

ಕಂದು ಹೊಗೆಯಿಲ್ಲ. ಸತು ಕರಗಿ, ತಾಮ್ರ ಕೆಂಪು-ಕಂದು ಚರಟದ ಹಾಗೆ ಮೇಲೆ ಬಂದು ಕೂರುತ್ತೆ. ಅದನ್ನು ಮೃದು ಬ್ರಷ್‌ನಿಂದ ತಳ್ಳುತ್ತಾ ಇರಬೇಕು, ಬಿಟ್ಟರೆ ಗೆರೆ ಒಳಗೇ ಕಟ್ಟಿಕೊಳ್ಳುತ್ತೆ. ನೀಲಿ ಬಣ್ಣ ಮಾಸಿ ನೀರಾದರೆ ಶಕ್ತಿ ಮುಗಿದಿದೆ. ಚೆಲ್ಲೋದು ಮಾತ್ರ ಜೋಪಾನ. ವಾಷಿಂಗ್ ಸೋಡ ಸ್ವಲ್ಪ ಸ್ವಲ್ಪ ಹಾಕಿ ನೊರೆ ನಿಲ್ಲೋವರೆಗೆ ಕಲಕಿ, ರಾತ್ರಿ ಬಿಟ್ಟು, ತಳದ ಗಸಿ ಬೇರ್ಪಡಿಸಿ ಒಣಗಿಸಿ ರಾಸಾಯನಿಕ ಕಸಕ್ಕೆ. ತಾಮ್ರದ ನೀರು ಹಳ್ಳಕ್ಕೆ ಸೇರಿದರೆ ಮೀನು ಉಳಿಯಲ್ಲ. ಈ ದ್ರಾವಣ ತಾಮ್ರದ ಪ್ಲೇಟಿಗೆ ನಡೆಯಲ್ಲ. ಅದಕ್ಕೆ ಫೆರಿಕ್ ಕ್ಲೋರೈಡ್, ಪ್ಲೇಟು ಮುಖ ಕೆಳಗೆ ಅಥವಾ ನೆಟ್ಟಗೆ ನಿಲ್ಲಿಸಿ. ಇಲ್ಲದಿದ್ದರೆ ಗಸಿ ಗೆರೆಯಲ್ಲೇ ಕೂತು ಕೊರೆತ ನಿಂತುಹೋಗುತ್ತೆ.

ಗೀರುಗೆರೆ:
ಮೈಲುತುತ್ತ ಒಪ್ಪಿದೆ, ಆದರೆ ಬಯಲಾಗಿ ಬಿಟ್ಟ ಜಾಗ ಅದರಲ್ಲಿ ತರಿತರಿಯಾಗುತ್ತೆ, ನುಣುಪಾದ ಇಳಿತ ಬೇಕಾದವರಿಗೆ ಅದು ಅಡ್ಡಿ. ಕೆಲವರಿಗೆ ಆ ತರಿಯೇ ಬೇಕು, ರಾಳವಿಲ್ಲದೆ ಟೋನ್ ಸಿಗುತ್ತೆ ಅಂತ. ಹೊಸದಾಗಿ ಆಸಿಡ್ ರೂಮ್ ಕಟ್ಟೋ ಕಾಲೇಜು ನೈಟ್ರಿಕ್ ಬಿಟ್ಟೇಬಿಡಲಿ. ಇದರಲ್ಲಿ ನನ್ನ ತಕರಾರಿಲ್ಲ.

ಫೆಲ್ಟ್‌ಕಂಬಳಿ:
ಪ್ಲೇಟ್ ಸರಿಯಿದ್ದೂ ಪ್ರಿಂಟ್ ಹಾಳಾಗೋದು ಪೇಪರಿನಲ್ಲಿ. 250ರಿಂದ 300 ಜಿಎಸ್‌ಎಂ ಹತ್ತಿಯ ಕಾಗದ. ಅಂಟು ಕಡಿಮೆ ಇರೋ ಮುದ್ರಣ ಕಾಗದ ಆದರೆ ಅರ್ಧ ಗಂಟೆ ನೆನೆಸಿ. ಜಿಲಾಟಿನ್ ಹಾಕಿದ ಜಲವರ್ಣದ ಕಾಗದ, ಹುಬ್ಬಳ್ಳಿ ಹತ್ತಿರದ ತಾರಿಹಾಳದ ಕೈಕಾಗದದಂಥದ್ದು, ಗಂಟೆಗಟ್ಟಲೆ ನೆನೆದರೇನೇ ಮೆತ್ತಗಾಗೋದು. ತೆಗೆದು ಬ್ಲಾಟಿಂಗ್ ನಡುವೆ ಒತ್ತಿ ಬೆಳಕಿಗೆ ಓರೆ ಹಿಡಿದಾಗ ಹೊಳಪು ಇರಬಾರದು. ಹೊಳಪಿದ್ದರೆ ನೀರು ಇಂಕನ್ನು ತಳ್ಳಿ ಬಿಳಿ ಮಚ್ಚೆ ಬೀಳುತ್ತೆ. ತೀರ ಒಣಗಿದ್ದರೆ ಗೆರೆಯ ತಳದ ಇಂಕ್ ಮೇಲೆ ಬರದೆ, ಗೆರೆ ತುಂಡು ತುಂಡಾಗಿ ಕಾಣುತ್ತೆ.

ಗೆರೆಯ ಸುತ್ತ ಎಣ್ಣೆಯ ಹಳದಿ ಪ್ರಭಾವಳಿ ಬಂದರೆ ಇಂಕಿಗೆ ಎಣ್ಣೆ ಜಾಸ್ತಿಯಾಗಿದೆ. ಒರೆಸುವಾಗ ಬಟ್ಟೆಗೆ ಅಂಟಿ ಎಳೆದರೆ ಕಡಿಮೆಯಾಗಿದೆ. ಚಳಿ ಬೆಳಗಿನಲ್ಲಿ ಎಣ್ಣೆ ಸುರಿಯೋ ಬದಲು ಪ್ಲೇಟನ್ನು ಕೈಗೆ ಬೆಚ್ಚಗನಿಸುವಷ್ಟು ಕಾಯಿಸಿ, ಅಷ್ಟಕ್ಕೇ ಇಂಕ್ ಸಡಿಲವಾಗುತ್ತೆ. ಒರೆಸೋಕೆ ಗಂಜಿ ಹಾಕಿದ ಜಾಳು ಬಟ್ಟೆ, ಅದನ್ನು ಮೊದಲು ಕೈಯಲ್ಲಿ ಹಿಸುಕಿ ಮೆದು ಮಾಡಿಕೊಳ್ಳಿ. ಕೊನೆಗೆ ಚಾಕ್ ತಾಗಿಸಿದ ಅಂಗೈಯ ಬದಿ. ಹಳದಿ, ಬಿಳಿ ಇಂಕ್ ಜಿಂಕ್ ಮೇಲೆ ಮಂಕಾಗುತ್ತೆ. ಲೋಹವೇ ಬಣ್ಣ ಕೆಡಿಸೋದು, ಇಂಕ್ ಕಂಪನಿಯನ್ನು ಬೈಯಬೇಡಿ. ಕಲರ್ ಪ್ರಿಂಟಿಗೆ ಅಂತಲೇ ಪ್ಲೇಟ್ ಕೊಳ್ಳೋದಾದರೆ ಇದನ್ನು ಲೆಕ್ಕಕ್ಕೆ ತಗೊಳ್ಳಿ.

ತೈಲಧಾರೆ:
ಪೇಂಟಿಂಗ್ ಕಡೆಯವರು ಯಾರೂ ಇಲ್ಲವಾ? ‘ಪೇಂಟಿಂಗ್ ಸುಲಭ, ಕ್ಯಾನ್ವಾಸ್ ತಂದು ಬಳಿಯೋದು’ ಅನ್ನೋ ಮಾತು ಬರೋ ಮೊದಲೇ ಎರಡು ವಿಷಯ.

ಒಂದು, ನೆಲ, ಅಂದರೆ ಬಣ್ಣದ ಕೆಳಗಿನ ಮೊದಲ ಲೇಪ. ದುಡ್ಡು ಉಳಿಸೋಕೆ ಫೆವಿಕಾಲ್‌ಗೆ ಚಾಕ್ ಪುಡಿ ಕಲಸಿ ಪ್ರೈಮರ್ ಮಾಡ್ತಾರೆ. ಅಂಟು ಜಾಸ್ತಿಯಾದರೆ ಮೇಲ್ಮೈ ಗಾಜಿನ ಹಾಗೆ ಜಾರಿ, ಬಣ್ಣ ಒಣಗಿದ ಮೇಲೆ ಉಗುರಿಗೆ ಪದರ ಪದರವಾಗಿ ಏಳುತ್ತೆ. ಪುಡಿ ಜಾಸ್ತಿಯಾದರೆ ಬಣ್ಣದ ಎಣ್ಣೆಯನ್ನೆಲ್ಲ ಹೀರಿ ಚಿತ್ರ ಸುಣ್ಣ ಬಳಿದ ಹಾಗೆ ಸತ್ತುಹೋಗುತ್ತೆ. ಮೂರು ತೆಳು ಕೋಟ್ ಅಕ್ರಿಲಿಕ್ ಪ್ರೈಮರ್ (ಇದನ್ನೂ ಗೆಸ್ಸೊ ಅಂತಾರೆ), ನಡುನಡುವೆ 220 ನಂಬರಿನ ಎಮರಿ, ಅಷ್ಟು ಖರ್ಚು ಮಾಡಿ. ಪ್ರೈಮರ್ ಇಲ್ಲದ ಬಟ್ಟೆಗೆ ನೇರ ಎಣ್ಣೆಬಣ್ಣ ಹಚ್ಚಿದರೆ ಅಗಸೆ ಎಣ್ಣೆ ನೂಲನ್ನೇ ತಿನ್ನುತ್ತೆ. ಮೈಸೂರು ಸಂಪ್ರದಾಯದ ಚಿತ್ರದ ಗೆಸ್ಸೊ ಬೇರೆ, ಅದು ಚಿನ್ನದ ರೇಕಿನ ಕೆಳಗೆ ಉಬ್ಬು ಗೆರೆ ಎಳೆಯೋಕೆ. ಹೆಸರು ಒಂದೇ ಅಂತ ಕ್ಯಾನ್ವಾಸಿಗೆ ಆ ಪಾಕ ಹಚ್ಚಬೇಡಿ.

ಎರಡು, ಪದರ. ಕೆಳಗೆ ಎಣ್ಣೆ ಕಡಿಮೆ, ಮೇಲೆ ಹೋದ ಹಾಗೆ ಹೆಚ್ಚು. ತಲೆಕೆಳಗಾದರೆ ಮೇಲಿನ ಪದರ ಬೇಗ ಗಟ್ಟಿಯಾಗಿ, ಒಳಗಿನದು ಇನ್ನೂ ಅಲುಗಾಡ್ತಾ ಬಿರುಕು ಬಿಡುತ್ತೆ. ಕೆಳಪದರಕ್ಕೆ ಜಿಂಕ್ ವೈಟ್ ಬೇಡ, ಎಣ್ಣೆಯಲ್ಲಿ ಅದು ಪೆಡಸಾಗಿ ಮೇಲಿನದನ್ನೂ ಹೊತ್ತುಕೊಂಡು ಕಳಚುತ್ತೆ. ಅಕ್ರಿಲಿಕ್ ಮೇಲೆ ಎಣ್ಣೆಬಣ್ಣ ನಡೆಯುತ್ತೆ, ಎಣ್ಣೆಯ ಮೇಲೆ ಅಕ್ರಿಲಿಕ್ ನಡೆಯಲ್ಲ.

ಇನ್ನು ಪೇಂಟಿಂಗಿನವರು ಗ್ರಾಫಿಕ್ಸ್ ಮಾಡಬಾರದು ಅಂತ ಎಲ್ಲೂ ಬರೆದಿಲ್ಲ. ಸಬ್ಸಿಡಿಯರಿಯಾಗಿ (ಪೂರಕ ವಿಷಯವಾಗಿ) ಸಿಗುವ ಕಡೆ ತಗೊಳ್ಳಿ.

ಕಲ್ಲಚ್ಚು:
ಲಿಥೋ ಯಾರೂ ಮುಟ್ಟಲಿಲ್ಲ. ಕನ್ನಡಿಗರಿಗೆ ಇದರ ಸಾಲವಿದೆ. 1843ರ ‘ಮಂಗಳೂರ ಸಮಾಚಾರ’, ಕನ್ನಡದ ಮೊದಲ ಪತ್ರಿಕೆ, ಬಾಸೆಲ್ ಮಿಶನ್‌ನ ಕಲ್ಲಚ್ಚಿನಲ್ಲೇ ಅಚ್ಚಾದದ್ದು. ಕಾಲೇಜುಗಳಲ್ಲಿ ಲಿಥೋ ಕಲ್ಲು ಇರುತ್ತೆ, ಎಷ್ಟೋ ಕಡೆ ಧೂಳು ಹಿಡಿದಿರುತ್ತೆ. ಕೇಳಿ, ಎಬ್ಬಿಸಿ.

ಕಲ್ಲು ಉಜ್ಜೋದು 80 ನಂಬರಿನ ಕಾರ್ಬೊರಂಡಂ ಪುಡಿಯಿಂದ ಶುರು, ಆಮೇಲೆ 120, ಕೊನೆಗೆ 220. ಪ್ರತಿ ಸಲ ಪೂರ್ತಿ ತೊಳೆದು ಮುಂದಿನದಕ್ಕೆ ಹೋಗಿ. 80ರ ಒಂದು ಕಾಳು 220ರ ಹಂತದಲ್ಲಿ ಉಳಿದರೆ ಉದ್ದಕ್ಕೂ ಗೀರು. ಉಕ್ಕಿನ ಅಳತೆಪಟ್ಟಿ ಕೆಳಗೆ ತೆಳು ಕಾಗದದ ಚೂರು ಇಟ್ಟು ಎಳೆದು ನೋಡಿ, ಎಲ್ಲೆಡೆ ಒಂದೇ ಬಿಗಿ ಇರಬೇಕು. ನಡುವೆ ಸಡಿಲ ಆದರೆ ಕಲ್ಲು ಹಳ್ಳ, ಅಲ್ಲಿ ಅಚ್ಚು ಮೂಡಲ್ಲ. ಚಿತ್ರ ಬರೆದ ಮೇಲೆ ಗಮ್ ಅರೇಬಿಕ್ 30 ಮಿ.ಲೀ.ಗೆ ಕೆಲವೇ ಹನಿ ನೈಟ್ರಿಕ್. ತೆಳು ಬೂದು ಕ್ರೆಯಾನ್ ಗೆರೆಗೆ ಹನಿ ಕಡಿಮೆ, ದಟ್ಟ ಕಪ್ಪಿಗೆ ಹೆಚ್ಚು. ಹೆಚ್ಚಾದರೆ ನಯವಾದ ಟೋನ್ ಸುಟ್ಟುಹೋಗುತ್ತೆ. ಮುದ್ರಿಸುವಾಗ ಕಲ್ಲು ಒಣಗಿದರೆ ಬಿಳಿ ಜಾಗಕ್ಕೂ ಇಂಕ್ ಹತ್ತುತ್ತೆ. ಬೇಸಿಗೆಯಲ್ಲಿ ಫ್ಯಾನ್ ಆರಿಸಿ, ಸ್ಪಂಜು ಹಿಡಿಯೋಕೆ ಒಬ್ಬ, ರೋಲರಿಗೆ ಒಬ್ಬ ಇರಲಿ. ಕಪ್ಪು ಕಟ್ಟಿಕೊಳ್ತಾ ಬಂದರೆ ಇಂಕಿಗೆ ಮೆಗ್ನೀಸಿಯಂ ಕಾರ್ಬೊನೇಟ್ ಪುಡಿ ಕಲಸಿ ಗಟ್ಟಿ ಮಾಡಿ.

ಹಾಲೆಮರ:
ಮೂರನೇ ಪ್ರಶ್ನೆ ಉಳೀತು: ಪ್ರೆಸ್ ಇಲ್ಲದೆ ಏನು? ವುಡ್‌ಕಟ್ ಇದೆಯಲ್ಲ. ಎಂ.ಡಿ.ಎಫ್. ಹಲಗೆಗೆ ತೆಳು ಅರಗಿನ ಪಾಲಿಶ್ ಬಳಿಯಿರಿ, ಇಲ್ಲದಿದ್ದರೆ ನೀರಿನ ಬಣ್ಣಕ್ಕೆ ಊದಿಕೊಳ್ಳುತ್ತೆ. ಧೂಳು ಮೂಗಿಗೆ ಒಳ್ಳೇದಲ್ಲ. ಸಣ್ಣ ನಯವಾದ ಕೆಲಸಕ್ಕೆ ಚನ್ನಪಟ್ಟಣದ ಬೊಂಬೆಯ ಹಾಲೆ ಮರ, ಎಳೆ ಸಣ್ಣ, ಉಳಿ ಸರಾಗ ಓಡುತ್ತೆ. ದೊಡ್ಡ ಹಲಗೆ ಮಾತ್ರ ಸಿಗಲ್ಲ. ಇಂಕ್ ಬೇಕಾದರೆ ಆಫ್‌ಸೆಟ್ ಇಂಕಿನ ಒಂದು ಕಿಲೋ ಡಬ್ಬ ಎರಡು ವರ್ಷ ಬರುತ್ತೆ. ತುಂಬಾ ಅಂಟಾಗಿ ಕಾಗದದ ಎಳೆ ಕಿತ್ತರೆ ನಾಲ್ಕು ಹನಿ ಅಗಸೆ ಎಣ್ಣೆ. ಕಾಗದ ತೆಳ್ಳಗಿನ ನೇಪಾಳಿ ಲೋಕ್ತಾ, ಒಣಗಿದ್ದೇ. ಹಿಂಬದಿಯಿಂದ ಸ್ಟೀಲ್ ಚಮಚದ ಬೆನ್ನಲ್ಲಿ ನಡುವಿನಿಂದ ಅಂಚಿಗೆ ಉಜ್ಜಿ.

ಒಂದೇ ಹಲಗೆಯನ್ನು ಕೆತ್ತುತ್ತಾ ಬಣ್ಣ ಮೇಲೆ ಬಣ್ಣ ಹಾಕೋ ರಿಡಕ್ಷನ್ ಮಾಡೋದಾದರೆ, ಹತ್ತು ಬೇಕಿದ್ದರೆ ಹದಿಮೂರೋ ಹದಿನಾಲ್ಕೋ ಹಾಳೆಯಿಂದ ಶುರು ಮಾಡಿ. ಕೆತ್ತಿದ ಮೇಲೆ ಹಿಂದಕ್ಕೆ ಹೋಗೋ ದಾರಿಯಿಲ್ಲ. ಚಿತ್ರದಲ್ಲಿ ಕನ್ನಡ ಅಕ್ಷರ ಇದ್ದರೆ ಟ್ರೇಸಿಂಗ್ ಹಾಳೆ ಮಗುಚಿ ಹಾಕಿ. ಒತ್ತಕ್ಷರ ತಿರುವುಮುರುವು ಕೆತ್ತಿ ತಲೆ ಚಚ್ಚಿಕೊಂಡವರು ಕಡಿಮೆಯಿಲ್ಲ.

ಎಚಿಂಗ್ ಬಿಡೋಕೆ ಮನಸ್ಸಿಲ್ಲದಿದ್ದರೆ ಲಲಿತ ಕಲಾ ಅಕಾಡೆಮಿಯ ಚೆನ್ನೈ ಪ್ರಾದೇಶಿಕ ಕೇಂದ್ರ, ದೆಹಲಿಯ ಗಢಿ ಸ್ಟುಡಿಯೋ, ಭೋಪಾಲದ ಭಾರತ ಭವನದ ಗ್ರಾಫಿಕ್ ವರ್ಕ್‌ಶಾಪ್, ಇಂಥ ಕಡೆ ವಿಚಾರಿಸಿ. ಪ್ರೆಸ್ಸೇ ಇಲ್ಲದೆ ಅಚ್ಚನ್ನು ಎಲ್ಲಿಗೆ ಒಯ್ಯಬಹುದು ಅಂತ ನೋಡಬೇಕಿದ್ದರೆ ಸೋಮನಾಥ್ ಹೋರ್ ಅವರ ‘ವೂಂಡ್ಸ್’ ಸರಣಿ ನೋಡಿ. ಕಾಗದದ ತಿರುಳನ್ನೇ ಅಚ್ಚಿಗೆ ಹಾಕಿ ತೆಗೆದ, ಬಿಳಿಯ ಮೇಲೆ ಬಿಳಿ ಗಾಯಗಳು. ಅವರು ಶಾಂತಿನಿಕೇತನದ ಕಲಾಭವನದಲ್ಲಿ ಗ್ರಾಫಿಕ್ಸ್ ವಿಭಾಗ ನಡೆಸಿದವರು.

ಮಸಿಗೈ:
ಗ್ರಾಫಿಕ್ಸ್ ಕಡೆಗೇ ವಾಲ್ತಾ ಇದೆ. ಎರಡು ಚಿಕ್ಕ ಪ್ರಶ್ನೆ. ಸಹಿ ಎಲ್ಲಿ ಹಾಕೋದು? ರಜೆಯಲ್ಲಿ ಪ್ಲೇಟ್ ಕಾಲೇಜಿನಲ್ಲೇ ಬಿಡಬಹುದಾ?

ಫೆಲ್ಟ್‌ಕಂಬಳಿ:
ಸಹಿ ಪೆನ್ಸಿಲಿನಲ್ಲಿ, ಅಚ್ಚಿನ ಕೆಳಗಿನ ಅಂಚಿನಲ್ಲಿ. ಎಡಕ್ಕೆ 3/10 ಅಂತ ಸಂಖ್ಯೆ, ನಡುವೆ ಕೃತಿಯ ಹೆಸರು, ಬಲಕ್ಕೆ ಸಹಿ ಮತ್ತು ವರ್ಷ. ಕಲಾವಿದರ ಪ್ರತಿಗೆ ಎ/ಪಿ, ಹತ್ತಕ್ಕೆ ಒಂದು ಎರಡು ಸಾಕು. ಹತ್ತು ಅಂತ ಬರೆದ ಮೇಲೆ ಹನ್ನೊಂದನೆಯದು ತೆಗೆಯೋ ಹಾಗಿಲ್ಲ.

ಪ್ಲೇಟ್ ಬಿಡಬಹುದು, ಆದರೆ ಮಳೆಗಾಲದ ತೇವಕ್ಕೆ ಜಿಂಕ್ ಬಿಳಿ ತುಕ್ಕು ಕಟ್ಟುತ್ತೆ, ಆಮೇಲೆ ಒರೆಸಿದಷ್ಟೂ ಕೊಳಕು ಬೂದು ಟೋನ್. ಇಂಕ್ ಪೂರ್ತಿ ತೆಗೆದು, ಒಣಗಿಸಿ, ತೆಳ್ಳಗೆ ವ್ಯಾಸಲೀನ್ ಸವರಿ, ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ನೆಟ್ಟಗೆ ನಿಲ್ಲಿಸಿ. ಪೇಪರಿನಲ್ಲಿ ಸುತ್ತಬೇಡಿ, ಪೇಪರ್ ತೇವ ಹಿಡಿಯುತ್ತೆ. ಹಿಂಬದಿಯಲ್ಲಿ ಮಾರ್ಕರ್‌ನಿಂದ ನಿಮ್ಮ ಹೆಸರು ಬರೆದಿರಿ, ಇಲ್ಲದಿದ್ದರೆ ಜೂನಿಯರ್‌ಗಳು ಸ್ಕ್ರ್ಯಾಪ್ ಅಂದುಕೊಂಡು ಪಟ್ಟಿ ಪರೀಕ್ಷೆಗೆ ಕತ್ತರಿಸ್ತಾರೆ.